ಹದಿನಾಲ್ಕನೇ ಪೆಟ್ಟಿಗೆಯ ಅಪ್ಪಂದಿರು

ಜೇನುತಳಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಚುಕ್ಕಿಯಮ್ಮ ಎಂದೇ ಕರೆಯುತ್ತಿದ್ದರು. ರಾಣಿನೊಣದ ಬೆನ್ನಿನ ಮೇಲೆ ಬಣ್ಣದ ಚುಕ್ಕಿ ಇಡುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಸಾಸಿವೆ ಕಾಳಿನಷ್ಟು ಜಾಗ, ಅದೂ ನಿಂತಲ್ಲಿ ನಿಲ್ಲದ ಜಾಗ. ಅದರ ಮೇಲೆ ಕಡ್ಡಿಯ ತುದಿಯಿಂದ ಒಂದೇ ಒಂದು ಹನಿ. ಹನಿ ದೊಡ್ಡದಾದರೆ ರಾಣಿಯ ಕಣ್ಣು ಮುಚ್ಚೀತು, ಪಕ್ಕಕ್ಕೆ ಜಾರಿದರೆ ರೆಕ್ಕೆ ಅಂಟೀತು. ಆಮೇಲೆ ಪುಟ್ಟ ಕತ್ತರಿಯಿಂದ ಎಡರೆಕ್ಕೆಯ ತುದಿಯನ್ನು ಚೂರೇ ಚೂರು ಕತ್ತರಿಸಿ, ಪುಸ್ತಕದಲ್ಲಿ ಬರೆಯಬೇಕು: ಪೆಟ್ಟಿಗೆಯ ಸಂಖ್ಯೆ, ತಾರೀಖು, ಬಣ್ಣ, ತಾಯಿ ಯಾರು. ಅವಳ ಪುಸ್ತಕಗಳಲ್ಲಿ ಒಂದೇ ಒಂದು ಅಕ್ಷರ ತಿದ್ದಿದ ಗುರುತಿರಲಿಲ್ಲ. ಈ ಸಂಗತಿ ಯಾರಿಗೂ ಮರೆತುಹೋಗದಂತೆ ಅವಳೇ ಮುತುವರ್ಜಿ ವಹಿಸುತ್ತಿದ್ದಳು.

"ಶಾಯಿಯಲ್ಲಿ ಬರೀರಿ," ಎಂದು ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತಿದ್ದಳು. "ಪೆನ್ಸಿಲ್ ಹಿಡಿಯೋದು ಅಂದ್ರೆ ತಪ್ಪು ಮಾಡೋಕೆ ಮೊದಲೇ ಅರ್ಜಿ ಹಾಕ್ಕೊಂಡ ಹಾಗೆ."

ಇಂಥ ತಂಗಿಗೆ ಎಂಥ ಅಣ್ಣ ಇರಬೇಕೋ ಅಂಥವನೇ ಇದ್ದ. ಕೇಂದ್ರದಿಂದ ಒಂದೂವರೆ ಕಿಲೋಮೀಟರು, ರೈಲು ಹಳಿಯ ಆಚೆ ಅವನ ಬೀಗದ ಅಂಗಡಿ. ಕೀಲಿಕೈ ಕಳೆದುಕೊಂಡವರು, ಕೀಲಿಕೈ ಒಳಗೇ ಬಿಟ್ಟು ಬಾಗಿಲೆಳೆದುಕೊಂಡವರು, ಎಲ್ಲರೂ ಅವನಲ್ಲಿಗೇ ಬರಬೇಕು. ಊರವರ ಬೀಗ ತೆಗೆಯುವವನ ಬಾಯಿಗೆ ಮಾತ್ರ ಬೀಗವಿರಲಿಲ್ಲ. ಬೆಳಿಗ್ಗೆ ಒಬ್ಬ ಗಿರಾಕಿ ಹೇಳಿದ್ದು ಮಧ್ಯಾಹ್ನದೊಳಗೆ ಮುಂದಿನ ಹತ್ತು ಗಿರಾಕಿಗಳಿಗೆ ಗೊತ್ತಾಗಿರುತ್ತಿತ್ತು. ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ, ತಾರಸಿಯ ಮೇಲೆ ನಾಲ್ಕು ಜೇನುಪೆಟ್ಟಿಗೆ. ಒಂದು ಕಾಲಕ್ಕೆ ಹನ್ನೆರಡಿದ್ದವು. ನುಸಿ ಬಂದ ಮೊದಲ ವರ್ಷ ಐದು ಸತ್ತವು, ಮರುವರ್ಷ ಮೂರು. ಅಣ್ಣ ಮದ್ದಿನ ಪಟ್ಟಿ ಇಳಿಬಿಡಲಿಲ್ಲ, ಪುಡಿ ಉದುರಿಸಲಿಲ್ಲ. ವರ್ಷಕ್ಕೊಮ್ಮೆ ಮೇಲಿನ ಅಂತಸ್ತಿನಿಂದ ಒಂದಿಷ್ಟು ಜೇನು ತೆಗೆಯುವುದು ಬಿಟ್ಟರೆ, ಮರಿಗಳಿರುವ ಕೆಳಗಿನ ಅಂತಸ್ತನ್ನು ತೆರೆದು ನೋಡಿದವನೂ ಅಲ್ಲ.

"ಅವುಗಳ ಮನೆ, ಅವು ನೋಡ್ಕೊಳ್ತಾವೆ," ಎನ್ನುತ್ತಿದ್ದ. "ದಿನಾ ಮುಚ್ಚಳ ಎತ್ತಿ ಇಣುಕೋಕೆ ನಾನೇನು ನಿನ್ನ ಹಾಗೆ ಇನ್‌ಸ್ಪೆಕ್ಟರಾ?"

"ಸೋಮಾರಿತನಕ್ಕೆ ಒಳ್ಳೊಳ್ಳೆ ಹೆಸರಿಡೋದ್ರಲ್ಲಿ ನಿಂದು ಎತ್ತಿದ ಕೈ," ಎಂದು ತಂಗಿ ಮುಖ ತಿರುಗಿಸುತ್ತಿದ್ದಳು.

ಉಳಿದ ನಾಲ್ಕು ಪೆಟ್ಟಿಗೆ ಯಾಕೆ ಉಳಿದವು ಎಂದು ಅಣ್ಣನಿಗೆ ಯೋಚಿಸಲು ಸೋಮಾರಿತನ, ತಂಗಿಗೆ ಯೋಚಿಸಲು ಬಿಗುಮಾನ. ಹಿತ್ತಲ ಗಿಡ ಮದ್ದಲ್ಲ ಎಂಬ ಮೇಲೆ ತಾರಸಿಯ ಮೇಲಿನದ್ದನ್ನು ಕೇಳುವವರು ಯಾರು?

ನುಸಿಯ ವಿಷಯವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಈ ಇಡೀ ಪ್ರಸಂಗದಲ್ಲಿ ತನ್ನ ಕೆಲಸವನ್ನು ನಿಯತ್ತಾಗಿ ಮಾಡಿದ್ದು ಅದೊಂದೇ. ಗುಂಡುಸೂಜಿಯ ತಲೆಯಷ್ಟು ಗಾತ್ರ, ಕೆಂಪುಗಂದು ಬಣ್ಣ. ಜೇನುಮರಿಯ ಕೋಣೆಗೆ ಮೇಣದ ಮುಚ್ಚಳ ಬೀಳುವುದಕ್ಕೆ ಸ್ವಲ್ಪ ಮುಂಚೆ ತಾಯಿನುಸಿ ಒಳಗೆ ನುಗ್ಗಿ ಅಡಗುತ್ತದೆ. ಮೊದಲು ಒಬ್ಬ ಮಗ, ಆಮೇಲೆ ಸಾಲಾಗಿ ಹೆಣ್ಣುಮಕ್ಕಳು. ಮುಚ್ಚಿದ ಆ ಕತ್ತಲೆಯಲ್ಲಿ ಮಗರಾಯ ತನ್ನ ತಂಗಿಯರನ್ನೇ ಕೂಡಿ, ಹೊರಗಿನ ಬೆಳಕು ಕಾಣದೆ ಅಲ್ಲೇ ಸಾಯುತ್ತಾನೆ. ಹೆಣ್ಣುಗಳು ಆ ಕೋಣೆಯಲ್ಲಿ ಬೆಳೆದ ನೊಣದ ಮೈಗಂಟಿಕೊಂಡು ಹೊರಗೆ ಬರುತ್ತವೆ. ಹೊರಗಿನ ರಕ್ತ ಬೆರೆಯುವುದೇ ಅಪರೂಪ. ಹಾಗಾಗಿ ಯಾವ ನುಸಿಗೆ ಮದ್ದು ನಾಟುವುದಿಲ್ಲವೋ ಅದರ ಮಕ್ಕಳು ಮೊಮ್ಮಕ್ಕಳಿಗೂ ನಾಟುವುದಿಲ್ಲ. ಕೇಂದ್ರದವರು ಹತ್ತು ವರ್ಷ ಬಿಡದೆ ಮದ್ದು ಕೊಟ್ಟು ಕೊಟ್ಟು, ಮದ್ದನ್ನು ಬೆಳಗಿನ ತಿಂಡಿ ಎಂದು ತಿಳಿಯುವ ಒಂದು ನುಸಿತಳಿಯನ್ನು ಯಶಸ್ವಿಯಾಗಿ ಬೆಳೆಸಿದ್ದರು. ಬಾಗಿಲ ಮೇಲಿನ ಫಲಕದಲ್ಲಿ ಜೇನುತಳಿ ಎಂದು ಬರೆದಿದ್ದರಿಂದ ಈ ಸಾಧನೆ ವರದಿಯಲ್ಲಿ ಸೇರಲಿಲ್ಲ.

ಉಳಿದದ್ದು ಒಂದೇ ದಾರಿ. ಕೆಲವು ಕುಟುಂಬದ ನೊಣಗಳು ನುಸಿ ಹೊಕ್ಕ ಕೋಣೆಯನ್ನು ವಾಸನೆಯಿಂದಲೇ ಪತ್ತೆಹಚ್ಚಿ, ಮುಚ್ಚಳ ಕಿತ್ತು, ಮರಿಯ ಸಮೇತ ಎಳೆದು ಹೊರಗೆಸೆಯುತ್ತವೆ. ಆ ಗುಣ ರಕ್ತದಲ್ಲೇ ಬರಬೇಕು, ಕಲಿಸಿದರೆ ಬರುವಂಥದ್ದಲ್ಲ. ಇದೆಯೋ ಇಲ್ಲವೋ ಎಂದು ತಿಳಿಯಲು ಮುಚ್ಚಿದ ಐವತ್ತು ಕೋಣೆಗಳಿಗೆ ಸಣ್ಣ ಸೂಜಿ ಚುಚ್ಚಿ ಮರಿಗಳನ್ನು ಕೊಂದು, ಮರುದಿನ ಎಷ್ಟು ಕೋಣೆ ಶುಚಿಯಾಗಿವೆ ಎಂದು ಎಣಿಸುತ್ತಾರೆ. ಮಿಕ್ಕ ಪೆಟ್ಟಿಗೆಗಳಲ್ಲಿ ಇಪ್ಪತ್ತಾದರೆ ಅದೇ ಹೆಚ್ಚು. ಹದಿನಾಲ್ಕನೇ ಪೆಟ್ಟಿಗೆಯಲ್ಲಿ ನಲವತ್ತೊಂಬತ್ತು.

ಕೇಂದ್ರದ ನಿರ್ದೇಶಕರಿಗೆ ದೊಡ್ಡವರು ಎಂದು ಹೆಸರು. ಎತ್ತರದಲ್ಲಿ ಚುಕ್ಕಿಯಮ್ಮನ ಭುಜಕ್ಕೆ ಬರುತ್ತಿದ್ದರು. ಹದಿನಾಲ್ಕನೇ ಪೆಟ್ಟಿಗೆಯ ರಾಣಿಯನ್ನು ಮೂರು ವರ್ಷದ ಹಿಂದೆ ಹೊರದೇಶದಿಂದ ವಿಮಾನದಲ್ಲಿ ತರಿಸಿದ್ದು ಅವರೇ. ಬೆಂಕಿಪೊಟ್ಟಣದಷ್ಟು ಗೂಡು, ಅದರೊಳಗೆ ರಾಣಿ, ಜೊತೆಗೆ ಆರು ದಾಸಿಯರು, ಏಳು ತಲೆಮಾರಿನ ವಂಶಪತ್ರ. ದೊಡ್ಡವರಿಗೆ ತಮ್ಮ ಸ್ವಂತ ಮುತ್ತಜ್ಜನ ಹೆಸರು ಗೊತ್ತಿತ್ತೋ ಇಲ್ಲವೋ, ಆ ರಾಣಿಯ ಮುತ್ತಜ್ಜಿಯ ತವರುಮನೆ ಮಾತ್ರ ಬಾಯಿಪಾಠ. ಬಂದ ಹೊಸತರಲ್ಲಿ ಆ ಪೆಟ್ಟಿಗೆಯಲ್ಲೂ ನುಸಿ ಎಲ್ಲ ಕಡೆಯಷ್ಟೇ ಇತ್ತು. ಆಮೇಲೆ ಒಂದು ಹೂವಿನ ಕಾಲದಲ್ಲಿ ಇದ್ದಕ್ಕಿದ್ದಂತೆ ಇಳಿಯಿತು.

"ಒಳ್ಳೆ ರಕ್ತ ಸ್ವಲ್ಪ ತಡವಾಗಿ ತನ್ನ ಗುಣ ತೋರ್ಸುತ್ತೆ ಚುಕ್ಕಿಯಮ್ಮ," ಎಂದರು ದೊಡ್ಡವರು. ಅದನ್ನೂ ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಈಗ ಆ ತಳಿಗೆ ಪ್ರಮಾಣಪತ್ರ ಕೊಡಲು ತಜ್ಞರ ತಂಡವೊಂದು ಬರುವುದಿತ್ತು. ಪ್ರಮಾಣಪತ್ರ ಸಿಕ್ಕರೆ ಹದಿನಾಲ್ಕರ ಹೆಣ್ಣುಮಕ್ಕಳು ನೂರಾರು ಸಾಕಣೆಗಾರರಿಗೆ ಹೋಗುತ್ತವೆ. ತೊಂದರೆ ಒಂದೇ. ಎಳೆಯ ರಾಣಿ ಕೂಡುವುದು ಆಕಾಶದಲ್ಲಿ, ಹದಿನೈದಿಪ್ಪತ್ತು ಗಂಡುಗಳ ಜೊತೆ. ಹಾರುವಾಗ ಅವಳು ಯಾರ ವಂಶಪತ್ರವನ್ನೂ ಕೇಳುವುದಿಲ್ಲ. ಆದ್ದರಿಂದ ಸುತ್ತ ಮೂರು ಕಿಲೋಮೀಟರಿನಲ್ಲಿ ಬೆರಕೆ ಗಂಡುಗಳು ಇರಕೂಡದೆಂದು ದೊಡ್ಡವರು ಆದೇಶ ಹೊರಡಿಸಿದರು. ಪೆಟ್ಟಿಗೆ ಇಟ್ಟವರು ಮದ್ದು ಹಾಕಿಸಿಕೊಂಡು ಕೇಂದ್ರದ ರಾಣಿಯನ್ನು ಒಪ್ಪಿಕೊಳ್ಳಬೇಕು. ಒಪ್ಪದವರ ಪೆಟ್ಟಿಗೆ ಸುಡಬೇಕು.

ಪುಸ್ತಕ ಹಿಡಿದು ಮನೆಮನೆಗೆ ಹೋದವಳು ಚುಕ್ಕಿಯಮ್ಮ. ಎಲ್ಲರೂ ಒಪ್ಪಿದರು, ಒಬ್ಬ ಬಿಟ್ಟು.

"ಕೆಮ್ಮೇ ಇಲ್ಲದವರಿಗೆ ಔಷಧಿ ಯಾಕೆ ಕುಡಿಸ್ತೀಯ?" ಎಂದ ಅಣ್ಣ, ಕೌಂಟರಿನ ಹಿಂದಿನಿಂದ.

"ರಾಣೀನಾದ್ರೂ ಬದಲಾಯಿಸ್ಕೊ."

"ಇರೋ ಯಜಮಾನಿ ಚೆನ್ನಾಗೇ ನೋಡ್ಕೊಳ್ತಿದಾಳಲ್ಲ," ಎಂದು ಒಳಗಿದ್ದ ಅತ್ತಿಗೆಯ ಕಡೆ ಕಣ್ಣು ಹೊಡೆದು, ಎದುರಿದ್ದ ಇಬ್ಬರು ಗಿರಾಕಿಗಳಿಗೆ ಕೇಳುವಂತೆ ಸೇರಿಸಿದ: "ನಮ್ಮ ತಂಗಿ ಸ್ವಾಮಿ, ನೊಣಗಳಿಗೆ ಸಂಬಂಧ ಹುಡುಕೋ ಕೆಲಸದಲ್ಲಿದಾಳೆ."

ಗಿರಾಕಿಗಳು ನಕ್ಕರು. ಚುಕ್ಕಿಯಮ್ಮ ನಗಲಿಲ್ಲ. ಇನ್ನೊಂದು ಸಲ ಹೋಗಿ ಕೇಳಿಕೊಂಡಿದ್ದರೆ ಅವನು ಒಪ್ಪುತ್ತಿದ್ದನೋ ಏನೋ, ಹೋಗಲಿಲ್ಲ. ಅಣ್ಣನ ವಿಳಾಸ ಬರೆದು ಮುಂದೆ ‘ನಾಲ್ಕು ಪೆಟ್ಟಿಗೆ, ಮಾಲೀಕರ ಒಪ್ಪಿಗೆ ಇಲ್ಲ, ಸುಡತಕ್ಕದ್ದು’ ಎಂದು ನಮೂದಿಸಿದಳು. ನಿಯಮ ಎಂದರೆ ನಿಯಮ. ಆ ‘ತಕ್ಕದ್ದು’ ಬರೆಯುವಾಗ ಅವಳ ಮನಸ್ಸಿಗೆ ಒಂದಿಷ್ಟು ತಂಪೇ ಆಗಿತ್ತು ಎನ್ನುವುದನ್ನೂ ಮುಚ್ಚಿಡಬೇಕಾಗಿಲ್ಲ. ಸುಡುವುದು ಶುಕ್ರವಾರ ಬೆಳಗಿನ ಜಾವ ಎಂದು ಗೊತ್ತಾಯಿತು.

ಮಂಗಳವಾರ ಫೋಟೋ ಬಂತು. ತಜ್ಞರಿಗೆ ತೋರಿಸಲೆಂದು ದೊಡ್ಡವರು ಪೇಟೆಯ ಫೋಟೋಗ್ರಾಫರನನ್ನು ಕರೆಸಿ ಹದಿನಾಲ್ಕರ ರಾಣಿಯ ಚಿತ್ರ ತೆಗೆಸಿ, ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿದ್ದರು. ಅದನ್ನು ಅವರ ಕೋಣೆಯ ಗೋಡೆಗೆ ತೂಗುಹಾಕಿದಾಗ ಇಡೀ ಕೇಂದ್ರ ಬಂದು ನೋಡಿತು. ಗುಮಾಸ್ತರು ಆಹಾ ಎಂದರು. ಲೆಕ್ಕದವರು ಓಹೋ ಎಂದರು. ದೊಡ್ಡವರು ಕೆಳಗೆ ಕೈಕಟ್ಟಿ ನಿಂತು, ತಾವೇ ಹೆತ್ತವರಂತೆ ಮುಗುಳ್ನಕ್ಕರು. ಚುಕ್ಕಿಯಮ್ಮ ತನ್ನ ಚುಕ್ಕಿಯ ಅಂಚು ಸರಿಯಾಗಿದೆಯೇ ಎಂದು ಮೊದಲು ನೋಡಿದಳು. ಸರಿಯಾಗಿತ್ತು. ಆಮೇಲೆ ಕಣ್ಣು ಕೆಳಗಿಳಿಯಿತು.

ಎಡರೆಕ್ಕೆ ಪೂರ್ತಿಯಾಗಿತ್ತು. ತುದಿ ಹಾಗೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇಲ್ಲಿ ಆಳೆತ್ತರದ ಕನ್ನಡಿ ಹಿಡಿದರೂ ಅವಳೊಬ್ಬಳ ಹೊರತು ಯಾರಿಗೂ ಕಾಣಲಿಲ್ಲ.

ಅವಳಿಗೆ ಆ ದಿನ ನೆನಪಾಯಿತು. ಎರಡು ವರ್ಷದ ಹಿಂದೆ, ಹೂವಿನ ಕಾಲದಲ್ಲಿ, ಹದಿನಾಲ್ಕನ್ನು ತೆರೆದಾಗ ರಾಣಿಯ ಬೆನ್ನಿನ ಮೇಲೆ ಚುಕ್ಕಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ನೋಡಬೇಕಾದದ್ದು ರೆಕ್ಕೆ. ತುದಿ ಕತ್ತರಿಸಿದ್ದರೆ ಹಳೇ ರಾಣಿಯೇ, ಬಣ್ಣ ಉದುರಿದೆ ಅಷ್ಟೆ. ರೆಕ್ಕೆ ಪೂರ್ತಿ ಇದ್ದರೆ ನೊಣಗಳು ಹಳಬಳನ್ನು ಮುಗಿಸಿ ಮಗಳನ್ನು ಗಾದಿಗೇರಿಸಿವೆ ಎಂದರ್ಥ. ರೆಕ್ಕೆಯೇನು ಉಗುರಲ್ಲ, ಕತ್ತರಿಸಿದ ಮೇಲೆ ಬೆಳೆಯಲು. ಹೊಸಬರಿಗೆ ಈ ಪಾಠ ಹೇಳುತ್ತಿದ್ದವಳು ಅವಳೇ. ಆದರೆ ಅದಕ್ಕೆ ಹದಿನೈದು ದಿನ ಮುಂಚೆ ಅವಳು ಕಚೇರಿಗೆ ಒಂದು ದೂರು ಬರೆದಿದ್ದಳು: ಈ ಸಲ ತರಿಸಿದ ಬಣ್ಣ ಕಳಪೆ, ಬೆನ್ನಿಗೆ ಹಿಡಿಯುವುದಿಲ್ಲ. ಕಚೇರಿಯಿಂದ ಉತ್ತರ ಬಂದಿತ್ತು: ಬಣ್ಣ ಸರಿಯಾಗಿದೆ, ಕೈ ನೋಡಿಕೊಳ್ಳಿ. ಕೈ ನೋಡಿಕೊಳ್ಳಬೇಕಂತೆ! ಅವಳ ಕೈಗೆ! ಹೀಗಿರುವಾಗ ಚುಕ್ಕಿಯಿಲ್ಲದ ರಾಣಿ ಕಣ್ಣಿಗೆ ಬಿದ್ದದ್ದೇ ತಡ, ನಾನು ಹೇಳಲಿಲ್ಲವೇ ಎಂಬ ಸಂತೋಷ ಉಕ್ಕಿ, ಕಣ್ಣು ರೆಕ್ಕೆಯ ತನಕ ಹೋಗಲೇ ಇಲ್ಲ. ಹೊಸ ಚುಕ್ಕಿ ಇಟ್ಟಳು. ‘ಕಳಪೆ ಬಣ್ಣ ಉದುರಿತ್ತು, ಮತ್ತೆ ಹಚ್ಚಿದೆ’ ಎಂದು ಬರೆದಳು. ಅದರ ನಕಲನ್ನು ಕಚೇರಿಗೂ ಕಳಿಸಿದಳು, ಕೆಳಗೆ ಗೆರೆ ಎಳೆದು.

ತನ್ನ ಕೋಣೆಗೆ ಬಂದು ಹಳೆಯ ಪುಸ್ತಕಗಳನ್ನು ತೆಗೆದಳು. ಪೆಟ್ಟಿಗೆಯ ತಳದ ಎಣ್ಣೆ ಹಚ್ಚಿದ ಹಲಗೆಯ ಮೇಲೆ ದಿನಕ್ಕೆ ಉದುರಿದ ನುಸಿಗಳ ಲೆಕ್ಕ: ಆ ದಿನದ ಮೊದಲು ಅರವತ್ತು, ಎಪ್ಪತ್ತೆರಡು, ಅರವತ್ತೆಂಟು. ಆಮೇಲೆ ಮೂರು ತಿಂಗಳಲ್ಲಿ ಒಂಬತ್ತು, ನಾಲ್ಕು, ಸೊನ್ನೆ. ಎಲ್ಲ ಅವಳದೇ ಮುದ್ದಾದ ಅಕ್ಷರ. ಹಾಗಾದರೆ ಗುಣ ಬಂದದ್ದು ವಿಮಾನದಲ್ಲಿ ಬಂದ ತಾಯಿಯಿಂದಲ್ಲ. ಹಾರಿಹೋಗಿ ಯಾರ್ಯಾರನ್ನೋ ಕೂಡಿ ಬಂದ ಮಗಳ ಗಂಡಂದಿರಿಂದ. ಆ ವರ್ಷ ಸುತ್ತಮುತ್ತಲಿನ ಪೆಟ್ಟಿಗೆಗಳೆಲ್ಲ ನುಸಿಯಿಂದ ಸೊರಗಿ, ಗಂಡುನೊಣಗಳನ್ನು ಸಾಕುವ ತ್ರಾಣವೇ ಅವುಗಳಿಗಿರಲಿಲ್ಲ. ಗಂಡುಗಳು ಗಿಜಿಗುಡುತ್ತಿದ್ದುದು ಒಂದೇ ಒಂದು ತಾರಸಿಯಲ್ಲಿ. ಹನ್ನೆರಡರಲ್ಲಿ ಎಂಟು ಸತ್ತು, ತಡೆದುಕೊಂಡ ನಾಲ್ಕು ಮಾತ್ರ ಉಳಿದ ತಾರಸಿ. ಋಷಿಮೂಲ ನದೀಮೂಲ ಹುಡುಕಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗಂಡುನೊಣ ಎಂದರೆ ಗಂಡಿನ ಬೀಜ ಸೇರದ ಮೊಟ್ಟೆಯಿಂದ ಹುಟ್ಟುವ ಪ್ರಾಣಿ, ಅದಕ್ಕೆ ಅಪ್ಪನೇ ಇರುವುದಿಲ್ಲ. ಅಪ್ಪನಿಲ್ಲದ ಆ ಪುಂಡರು ಏಳು ತಲೆಮಾರಿನ ವಂಶಕ್ಕೆ ಅಪ್ಪಂದಿರಾಗಿ ಕೂತಿದ್ದರು. ಅವರ ಮನೆಗೆ ಶುಕ್ರವಾರ ಬೆಂಕಿ ಇಡಲು ಬರೆದುಕೊಟ್ಟವಳು ತಾನೇ.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಬಾಯಿಬಿಟ್ಟರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಬುಧವಾರ ಬೆಳಿಗ್ಗೆ ದೊಡ್ಡವರ ಎದುರು ಹೋಗಿ ನಿಂತಳು.

"ಸರ್, ಫೋಟೋದಲ್ಲಿ ಎಡರೆಕ್ಕೆ ಸ್ವಲ್ಪ ನೋಡಿ."

"ಸೊಗಸಾಗಿದೆ."

"ಅದೇ ತೊಂದರೆ ಸರ್. ಸೊಗಸಾಗಿರಬಾರದು. ತುದಿ ನಾನೇ ಕತ್ತರಿಸಿದ್ದೆ."

ದೊಡ್ಡವರು ಕನ್ನಡಕ ಏರಿಸಿ ನೋಡಿದರು. "ಫೋಟೋದವನು ತಿದ್ದಿರ್ತಾನೆ ಬಿಡಿ. ನನ್ನ ಫೋಟೋಗೂ ತಲೆ ತುಂಬಾ ಕೂದಲು ಹಾಕಿದ್ದ."

ಅವಳು ಬಿಡಲಿಲ್ಲ, ಅಂಗಳಕ್ಕೆ ಕರೆದುಕೊಂಡು ಹೋಗಿ, ಪೆಟ್ಟಿಗೆ ತೆರೆದು, ಭೂತಗನ್ನಡಿ ಕೈಗೆ ಕೊಟ್ಟಳು. ದೊಡ್ಡವರು ಬಹಳ ಹೊತ್ತು ಬಗ್ಗಿ ನೋಡಿದರು. ಎದ್ದಾಗ ಮುಖ ಬೆವೆತಿತ್ತು.

"ನಿಮ್ಮ ಪುಸ್ತಕದಲ್ಲಿ ಹಾಗೆ ಇಲ್ವಲ್ಲ?"

"ನನ್ನ ಪುಸ್ತಕ ತಪ್ಪು ಸರ್."

"ನಿಮ್ಮ ಪುಸ್ತಕ ತಪ್ಪಾಗೋಕೆ ಸಾಧ್ಯಾನೇ ಇಲ್ಲ. ಇಡೀ ಕೇಂದ್ರಕ್ಕೆ ಗೊತ್ತಿರೋ ವಿಷಯ ಅದು."

ಇಪ್ಪತ್ತಾರು ವರ್ಷ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದ ಗೋಡೆ ಈಗ ಅವಳ ದಾರಿಗೇ ಅಡ್ಡ ನಿಂತಿತ್ತು. ಅವಳು ಲೆಕ್ಕದ ಪುಸ್ತಕ ತೋರಿಸಿದಳು, ತಾರಸಿಯ ಮಾತು ಹೇಳಿದಳು, ಸುಡುವುದನ್ನು ಮೂರೇ ವಾರ ಮುಂದಕ್ಕೆ ಹಾಕಿ ಎಂದು ಬೇಡಿದಳು. ದೊಡ್ಡವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅಣ್ಣನ ಪೆಟ್ಟಿಗೆ ಅಂತ ಹೀಗೆ ಹೇಳ್ತಿದೀರಿ ಅಂತ ಜನ ಅಂದ್ರೆ? ಬೇಕಾದ್ರೆ ಎರಡೂ ಕಡೆ ನೊಣಗಳ ಕಾಲು ಕಿತ್ತು ವಂಶದ ಪರೀಕ್ಷೆಗೆ ಕಳಿಸಿ. ಮೂರು ವಾರಕ್ಕೆ ವರದಿ ಬರುತ್ತೆ."

"ಸುಡೋದು ನಾಡಿದ್ದು ಸರ್."

"ಹೌದು. ಆದೇಶಕ್ಕೆ ಸಹಿ ಬಿದ್ದಿದೆ. ಸಹಿ ಬಿದ್ದ ಮೇಲೆ ಅದು ನಂದಲ್ಲ, ಕೇಂದ್ರದ್ದು. ನಾನೇನು ಮಾಡ್ಲಿ?"

ವಿಜ್ಞಾನ ಮೂರು ವಾರ ಕಾಯುತ್ತದಂತೆ, ಬೆಂಕಿ ಮಾತ್ರ ಕಾಯುವುದಿಲ್ಲವಂತೆ. ಚುಕ್ಕಿಯಮ್ಮ ಪರೀಕ್ಷೆಯ ನೊಣ ತುಂಬುವ ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ಗುರುವಾರ ಸಂಜೆ ಹಳಿ ದಾಟಿದಳು.

ಅಣ್ಣ ತಾರಸಿಗೆ ಜೊತೆಯಲ್ಲಿ ಬಂದ. ಅವಳು ಪೆಟ್ಟಿಗೆಗಳ ಬಾಗಿಲಿನಿಂದ ಒಂದಷ್ಟು ನೊಣಗಳನ್ನು ಹಿಡಿದು ಸೀಸೆಗೆ ತುಂಬುತ್ತ, ತಲೆ ಎತ್ತದೆ, ಎಲ್ಲವನ್ನೂ ಹೇಳಿದಳು. ಬಣ್ಣದ ದೂರು, ರೆಕ್ಕೆ, ತಪ್ಪು. ಈಗ ನಗುತ್ತಾನೆ ಎಂದು ಕಾದಳು. ಅವನು ನಗಲಿಲ್ಲ.

"ಇದನ್ನ ಹೇಳಿದ್ರೆ ನಿನ್ನ ಕೆಲಸಕ್ಕೆ ತೊಂದ್ರೆ ಆಗುತ್ತಾ?"

"ಹೇಳಿ ಆಯ್ತು. ಅವರು ನಂಬೋಕೆ ತಯಾರಿಲ್ಲ."

"ಹಾಗಾದ್ರೆ ಇನ್ನೊಂದ್ಸಲ ಹೇಳ್ಬೇಡ. ಸುಟ್ಬಿಡು. ನೊಣ ತಾನೆ, ಹೋಗ್ಲಿ." ಅವನು ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ. "ನಮ್ಮ ತಂಗಿ ಇಪ್ಪತ್ತಾರು ವರ್ಷದಲ್ಲಿ ಒಂದು ಚುಕ್ಕಿ ಆಚೀಚೆ ಇಟ್ಟಿಲ್ಲ ಅಂತ ಅಂಗಡೀಗೆ ಬಂದೋರಿಗೆಲ್ಲ ಹೇಳ್ತೀನಿ ಕಣೇ ನಾನು. ಅದು ಸುಳ್ಳಾಗ್ಬಾರ್ದು."

"ನೀನು ನನ್ನ ನೋಡಿ ನಗ್ತಿದ್ದೆ."

"ನಗೋದು ನಿನ್ನೆದುರಿಗೆ. ಹೇಳೋದು ನೀನು ಹೋದ್ಮೇಲೆ."

ಚುಕ್ಕಿಯಮ್ಮ ಸೀಸೆಯ ಮುಚ್ಚಳವನ್ನು ಎರಡೆರಡು ಸಲ ತಿರುಗಿಸಿ ಬಿಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕೆಳಗಿಳಿದು ಹೋಗಿ ಸ್ಪಂಜಿನ ಪಟ್ಟಿಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿಕೊಂಡು ಬಂದ, ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಿಗೆ ತುರುಕಲು. "ನಾನು ಬೆಳಿಗ್ಗೆ ಮೇಲೆ ಬರಲ್ಲ. ನನ್ಕೈಲಿ ನೋಡೋಕಾಗಲ್ಲ," ಎಂದು ಅವುಗಳನ್ನು ಅವಳ ಕೈಗಿತ್ತ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಕೇಂದ್ರದ ವ್ಯಾನು ಬೀಗದ ಅಂಗಡಿಯ ಮುಂದೆ ನಿಂತಿತು. ಡ್ರೈವರೂ ಅವಳೂ ನಾಲ್ಕು ಪೆಟ್ಟಿಗೆಗಳ ಬಾಯಿ ಮುಚ್ಚಿ, ಹಗ್ಗ ಬಿಗಿದು, ಕೆಳಗಿಳಿಸಿ ವ್ಯಾನಿಗೇರಿಸಿದರು. ಒಳಗಿನಿಂದ ಕುದಿಯುವ ನೀರಿನಂಥ ಸದ್ದು. ಅಂಗಡಿಯ ಬಾಗಿಲು ತೆರೆಯಲಿಲ್ಲ. ಡ್ರೈವರು ಕೇಂದ್ರದ ಕಡೆ ತಿರುಗಿಸುವಷ್ಟರಲ್ಲಿ ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟಳು.

"ನಿಮ್ಮ ಮಾವನ ಹೆಂಚಿನ ಕಾರ್ಖಾನೆ ಎಷ್ಟು ದೂರ?"

"ಒಂಬತ್ತು ಕಿಲೋಮೀಟರ್ ಅಕ್ಕ. ಯಾಕೆ?"

"ಸಾಕು. ಹತ್ತಿರ ಇಟ್ರೆ ಹಳೇ ಜಾಗಕ್ಕೇ ಹಾರಿ ಬರ್ತಾವೆ. ಅಲ್ಲಿಗೆ ನಡಿ."

"ಅಕ್ಕಾ, ಆದೇಶ ಇದೆಯಲ್ಲ..."

"ಆ ಆದೇಶದಲ್ಲಿರೋ ವಿಳಾಸ ನಾನು ಬರೆದದ್ದು. ನಡಿ ಅಂದೆ."

ಕಾರ್ಖಾನೆಯ ಹಿತ್ತಲಲ್ಲಿ, ಒಡೆದ ಹೆಂಚಿನ ರಾಶಿಯ ಹಿಂದೆ ನಾಲ್ಕನ್ನೂ ಇಳಿಸಿ, ಸ್ಪಂಜು ಕಿತ್ತು, ಇಬ್ಬರೂ ಕೇಂದ್ರಕ್ಕೆ ಬಂದರು. ಗೋದಾಮಿನಲ್ಲಿ ಹುಳು ತಿಂದ ಹಳೇ ಖಾಲಿ ಪೆಟ್ಟಿಗೆಗಳಿದ್ದವು. ಲೆಕ್ಕಕ್ಕೆ ಸರಿಯಾಗಿ ನಾಲ್ಕನ್ನು ತೆಗೆದು ಗುಂಡಿಗೆ ಹಾಕಿ ಬೆಂಕಿ ಇಟ್ಟಳು. ಹಳೆಯ ಮೇಣ ಧಗಧಗ ಉರಿಯಿತು. ದೊಡ್ಡವರು ಕಿಟಕಿಯಿಂದ ಹೊಗೆ ನೋಡಿ, ವಂಶಶುದ್ಧಿ ಆಯಿತೆಂದು ಸಮಾಧಾನದಿಂದ ಟೀ ಕುಡಿದರು. ಚುಕ್ಕಿಯಮ್ಮ ಪುಸ್ತಕ ತೆರೆದಳು. ಅಣ್ಣನ ವಿಳಾಸ ಬರೆದು, ‘ನಾಲ್ಕು ಪೆಟ್ಟಿಗೆ ಪೂರ್ತಿ ಸುಟ್ಟಿದೆ, ಜೀವಂತ ನೊಣ ಉಳಿದಿಲ್ಲ’ ಎಂದು ಮುಗಿಸುವಷ್ಟರಲ್ಲಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಹಿಂದಿನದು ಗೊತ್ತಿಲ್ಲದೆ ಆದ ತಪ್ಪು. ಇದು ಗೊತ್ತಿದ್ದೇ ಬರೆದ ಸುಳ್ಳು. ಅವಳಿಗೆ ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲು ಇಳಿಸಿದಂತೆಯೂ ಆಯಿತು.

ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಮಧ್ಯಾಹ್ನದೊಳಗೆ ಊರಿಗೇ ಗೊತ್ತಾಗಿ ಸಂಜೆಯೊಳಗೆ ದೊಡ್ಡವರಿಗೆ ಮುಟ್ಟುತ್ತದೆ. ಸೀಸೆಗಳನ್ನು ಪರೀಕ್ಷೆಗೆ ಕಳಿಸಿ, ವರದಿ ಬರುವ ತನಕ ಮೂರು ವಾರ ಅವಳು ಆ ಗುಟ್ಟನ್ನು ಬಿಸಿ ಕೆಂಡದಂತೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳು. ಅತ್ತಿಗೆ ಒಮ್ಮೆ ಫೋನಿನಲ್ಲಿ, "ದಿನಾ ಬೆಳಿಗ್ಗೆ ಟೀ ಲೋಟ ಹಿಡ್ಕೊಂಡು ತಾರಸೀಗೆ ಹೋಗಿ ಸುಮ್ನೆ ನಿಂತಿರ್ತಾರೆ ಕಣಮ್ಮ. ಮಾತೇ ಕಮ್ಮಿಯಾಗಿದೆ," ಎಂದಳು. ಅವನ ಬಾಯಿ ಮುಚ್ಚಲಿ ಎಂದು ಐವತ್ತು ವರ್ಷ ಹಾರೈಸಿದ್ದ ತಂಗಿಗೆ ಆ ಮಾತು ಕೇಳಿ ಅನ್ನ ಸೇರಲಿಲ್ಲ. ಭಾನುವಾರಗಳಲ್ಲಿ ಕಾರ್ಖಾನೆಯ ಹಿತ್ತಲಿಗೆ ಹೋಗಿ ಪೆಟ್ಟಿಗೆಗಳನ್ನು ದೂರದಿಂದ ನೋಡುತ್ತಿದ್ದಳು. ಮುಚ್ಚಳ ಎತ್ತಬೇಕೆಂದು ಕೈ ತುರಿಸಿದರೂ ಎತ್ತುತ್ತಿರಲಿಲ್ಲ.

ಈ ನಡುವೆ ತಜ್ಞರು ಬಂದರು, ಫೋಟೋದ ಚೌಕಟ್ಟನ್ನು ಮೆಚ್ಚಿಕೊಂಡರು, ವಂಶದ ವರದಿ ಬಂದ ಮೇಲೆ ಪ್ರಮಾಣಪತ್ರ ಎಂದು ಹೇಳಿ ಹೋದರು.

ವರದಿ ಬಂದ ದಿನ ದೊಡ್ಡವರು ಅವಳನ್ನು ಒಳಗೆ ಕರೆಸಿದರು. ಕಾಗದ ಮೇಜಿನ ಮೇಲಿತ್ತು. ಹದಿನಾಲ್ಕನೇ ಪೆಟ್ಟಿಗೆಯ ನೊಣಗಳಿಗೆ ಹದಿನೈದು ಅಪ್ಪಂದಿರು; ಅವರಲ್ಲಿ ಹನ್ನೊಂದು ಮಂದಿ ಬೀಗದ ಅಂಗಡಿಯ ತಾರಸಿಯವರು. ದೊಡ್ಡವರು ಎಷ್ಟೇ ಆದರೂ ಈ ವಿದ್ಯೆ ಓದಿದವರು. ಮುಂದಿನದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಆ ಗಂಡುಗಳು ಇಲ್ದಿದ್ರೆ ಎರಡೇ ತಲೆಮಾರಲ್ಲಿ ಈ ಗುಣ ಕರಗಿಹೋಗುತ್ತೆ," ಎಂದರು. ಕಣ್ಣು ಕೆಂಪಾಗಿತ್ತು. "ಊರೆಲ್ಲ ಹುಡುಕಿದ್ದು ಹಳಿ ಆಚೆ ಇತ್ತು. ನಾನೇ ಸುಡಿಸಿದೆ. ನೀವು ಬಂದು ಬೇಡ್ಕೊಂಡ್ರೂ ಸುಡಿಸಿದೆ." ಅವಳ ಪುಸ್ತಕವನ್ನು ಎಳೆದುಕೊಂಡು ಆ ಪುಟ ತೆಗೆದರು, ಬೆರಳಿಟ್ಟು ಓದಿದರು. "ಪೂರ್ತಿ ಸುಟ್ಟಿದೆ. ನೀವು ಬರೆದ್ಮೇಲೆ ಮುಗೀತು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿದೀರಿ ಚುಕ್ಕಿಯಮ್ಮ. ಇನ್ನೊಂದನ್ನ ಈ ಪುಟದಲ್ಲಿ ಮಾಡಿರ್ಬಾರ್ದಿತ್ತಾ?"

"ಮಾಡಿದೀನಿ ಸರ್," ಎಂದಳು.

ಸಂಜೆಯೊಳಗೆ ಅವಳ ಕೈಗೆ ಎರಡು ಕಾಗದ ಬಂದವು, ಎರಡರಲ್ಲೂ ದೊಡ್ಡವರ ಸಹಿ. ಒಂದು, ಸುಳ್ಳು ದಾಖಲೆ ಬರೆದದ್ದಕ್ಕೆ ಅವಳನ್ನು ಅಮಾನತಿನಲ್ಲಿಟ್ಟದ್ದು. ಇನ್ನೊಂದು, ಸದರಿ ಪೆಟ್ಟಿಗೆಗಳು ಎಲ್ಲಿವೆ ಎಂಬುದನ್ನು ತುರ್ತಾಗಿ ತಿಳಿಸಿ, ಅವು ಕ್ಷೇಮವಾಗಿರುವಂತೆ ಖುದ್ದು ನೋಡಿಕೊಳ್ಳಬೇಕೆಂದು ಕೋರಿದ್ದು. ಎರಡನ್ನೂ ಮಡಿಸಿ ಚೀಲಕ್ಕೆ ಹಾಕಿಕೊಂಡು ಹಳಿ ದಾಟಿದಳು.

ಅಣ್ಣ ಅಪರಿಚಿತ ಗಿರಾಕಿಯೊಬ್ಬನಿಗೆ ಕೀಲಿಕೈ ಮಾಡುತ್ತಿದ್ದ. ಅರದಿಂದ ಹಿತ್ತಾಳೆ ಉಜ್ಜುತ್ತ, ತಲೆ ಎತ್ತದೆ, "ಬಾ, ಕೂತ್ಕೊ," ಎಂದ.

"ಅಣ್ಣಾ, ನಿನ್ನ ನೊಣ ಸತ್ತಿಲ್ಲ."

ಅರ ನಿಂತಿತು. ಅವಳು ನಿಂತೇ ಎಲ್ಲ ಹೇಳಿದಳು: ಹೆಂಚಿನ ಕಾರ್ಖಾನೆ, ಖಾಲಿ ಪೆಟ್ಟಿಗೆ, ಹನ್ನೊಂದು ಅಪ್ಪಂದಿರು. ಅವನು ಅವಳ ಬಾಯನ್ನೇ ನೋಡುತ್ತಿದ್ದ.

"ಹಾಗಾದ್ರೆ ಪುಸ್ತಕದಲ್ಲಿ?"

"ಸುಟ್ಟಿದೆ ಅಂತ ಬರೆದೆ."

"ಯಾರು, ನೀನಾ?"

"ನಾನೇ."

ಗಿರಾಕಿ ಕೀಲಿಕೈ ಕೇಳಿದ. ಅಣ್ಣನಿಗೆ ಅದು ಕೇಳಿಸಲಿಲ್ಲ. ಕೈಯಲ್ಲಿದ್ದ ಎಣ್ಣೆಬಟ್ಟೆಯಿಂದಲೇ ಕಣ್ಣೊರೆಸಿಕೊಂಡ, ಕೆನ್ನೆಯೆಲ್ಲ ಮಸಿಯಾಯಿತು. ನೊಣಗಳು ಹೇಗಿವೆ ಎಂದು ಒಂದು ಮಾತೂ ಕೇಳಲಿಲ್ಲ. ಆ ಗುರುತುಪರಿಚಯವಿಲ್ಲದವನ ಕಡೆ ತಿರುಗಿ, "ನಮ್ಮ ತಂಗಿ ಸ್ವಾಮಿ," ಎಂದ. "ನನಗೋಸ್ಕರ ಸುಳ್ಳು ಬರೆದಿದಾಳೆ."